ಮೂಗಿಗೆ ಒಪ್ಪುವ ಫ್ರೇಮು

ಕನ್ನಡಕದ ಅಂಗಡಿಗೆ ಹೋದವರು ಫ್ರೇಮ್ ಆರಿಸುವುದು ಕನ್ನಡಿಯ ಮುಂದೆ ನಿಂತು. ಒಂದೆರಡು ಹಾಕಿ ನೋಡುತ್ತಾರೆ, ಜೊತೆಗೆ ಬಂದವರ ಕಡೆ ತಿರುಗಿ 'ಹೇಗಿದೆ?' ಎನ್ನುತ್ತಾರೆ, ಐದು ನಿಮಿಷದಲ್ಲಿ ತೀರ್ಮಾನ ಆಗಿಬಿಡುತ್ತದೆ. ಆಮೇಲೆ ಎರಡು ಮೂರು ವರ್ಷ ಅದನ್ನು ಹೊರುವುದು ಮಾತ್ರ ಮೂಗು ಮತ್ತು ಕಿವಿ. ಅವುಗಳ ಅಭಿಪ್ರಾಯವನ್ನು ಯಾರೂ ಕೇಳಿರುವುದಿಲ್ಲ. ಚೆಂದ ಕಾಣುವುದು ಒಂದು ವಿಷಯ, ಬಾಳಿಕೆ ಬರುವುದು ಇನ್ನೊಂದು ವಿಷಯ ಎಂದುಕೊಂಡೇ ನಾವು ಅಂಗಡಿಗೆ ಹೋಗುತ್ತೇವೆ. ಅಂಗಡಿಯವರು, ಫ್ಯಾಷನ್ ಪತ್ರಿಕೆಗಳು, ಕಣ್ಣಿನ ತಜ್ಞರು ಈ ಬಗ್ಗೆ ಹೇಳುವುದನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೆ ಅನ್ನಿಸಿದ್ದು ಬೇರೆ: ಅಳತೆಗೆ ಸರಿಯಾಗಿ ಕೂತ ಫ್ರೇಮೇ ಮುಖಕ್ಕೂ ಒಪ್ಪುತ್ತದೆ, ಹೆಚ್ಚು ದಿನ ಬರುವುದೂ ಅದೇ. ಜಾರುವ ಕನ್ನಡಕವನ್ನು ದಿನವಿಡೀ ಮೇಲಕ್ಕೆ ತಳ್ಳುತ್ತಿರುತ್ತೇವೆ. ಬಿಗಿಯಾದದ್ದನ್ನು ಗಳಿಗೆಗೊಮ್ಮೆ ತೆಗೆದಿಡುತ್ತೇವೆ. ಎರಡೂ ಕಡೆ ಮೊದಲು ಸಡಿಲವಾಗುವುದು ಕೀಲು.

ಕನ್ನಡಕದ ಚರಿತ್ರೆಯಲ್ಲೂ ಕಷ್ಟದ ಪ್ರಶ್ನೆ ಅದನ್ನು ಮುಖದ ಮೇಲೆ ಕೂರಿಸುವುದೇ ಆಗಿತ್ತು. ಓದುವ ಕನ್ನಡಕ ಹುಟ್ಟಿದ್ದು 13ನೇ ಶತಮಾನದ ಕೊನೆಯಲ್ಲಿ, ಇಟಲಿಯಲ್ಲಿ. 1520ರ ಸುಮಾರಿಗೆ ವಿಜಯನಗರದಲ್ಲಿ ಯತಿ ವ್ಯಾಸರಾಯರು ಓಲೆಗರಿ ಓದಲು ಕನ್ನಡಕ ಬಳಸಿದ ಪ್ರಸಂಗ ಸೋಮನಾಥ ಕವಿಯ 'ವ್ಯಾಸಯೋಗಿಚರಿತ'ದಲ್ಲಿದೆ. ಭಾರತದಲ್ಲಿ ಕನ್ನಡಕದ ಬಗ್ಗೆ ಸಿಗುವ ಬಹಳ ಹಳೆಯ ಉಲ್ಲೇಖಗಳಲ್ಲಿ ಅದೊಂದು. ಅದರ ಮಹತ್ವವನ್ನು ಎತ್ತಿ ತೋರಿಸಿದವರು ವಿದ್ವಾಂಸ ಪಿ.ಕೆ. ಗೋಡೆ. ಆ ಕಾಲದ ಕನ್ನಡಕಗಳಿಗೆ ಕಡ್ಡಿ ಇರಲಿಲ್ಲ. ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು, ಇಲ್ಲವೇ ಮೂಗಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಲಂಡನ್ನಿನ ಎಡ್ವರ್ಡ್ ಸ್ಕಾರ್ಲೆಟ್ ಪಕ್ಕಕ್ಕೆ ಕಡ್ಡಿ ಇರುವ ಕನ್ನಡಕ ಮಾರತೊಡಗಿದ್ದು 1730ರ ಆಸುಪಾಸಿನಲ್ಲಿ. ಗಾಜು ಉಜ್ಜಿ ಲೆನ್ಸ್ ಮಾಡುವುದು ಗೊತ್ತಾದ ಮೇಲೂ ಅದನ್ನು ಮುಖದ ಮೇಲೆ ನಿಲ್ಲಿಸುವುದಕ್ಕೆ ನಾನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಹಾಗಾಗಿ ಮೊದಲು ಮೂಗನ್ನೇ ನೋಡೋಣ. ಲೆನ್ಸ್ ಸೇರಿ 20ರಿಂದ 30 ಗ್ರಾಂ ತೂಗುವ ಸಾಮಾನ್ಯ ಕನ್ನಡಕದ ಭಾರ ಬಹುಪಾಲು ಬೀಳುವುದು ಮೂಗಿನ ಎರಡು ಬದಿಯ ಸಣ್ಣ ಜಾಗದ ಮೇಲೆ. ನಮ್ಮಲ್ಲಿ ಹುಬ್ಬುಗಳ ನಡುವೆ ಮೂಗಿನ ಬುಡ ತಗ್ಗಾಗಿರುವವರು ಬಹಳ ಮಂದಿ. ಎತ್ತರದ ಮೂಗನ್ನು ಮನಸ್ಸಿನಲ್ಲಿಟ್ಟುಕೊಂಡು ಯುರೋಪಿನಲ್ಲಿ ರೂಪಿಸಿದ ದಪ್ಪ ಪ್ಲಾಸ್ಟಿಕ್ ಫ್ರೇಮುಗಳು ಇಂಥವರ ಮುಖದಲ್ಲಿ ನಿಲ್ಲುವುದಿಲ್ಲ. ಜಾರಿ ಕೆನ್ನೆಯ ಮೇಲೆ ಕೂರುತ್ತವೆ. ನಕ್ಕರೆ ಫ್ರೇಮ್ ಮೇಲೇಳುತ್ತದೆ, ರೆಪ್ಪೆ ಲೆನ್ಸಿಗೆ ತಾಗುತ್ತದೆ. ಲೋಹದ ತಂತಿಯ ತುದಿಯಲ್ಲಿ ನೋಸ್ ಪ್ಯಾಡ್ ಇರುವ ಫ್ರೇಮುಗಳಿಗೆ ಈ ತೊಂದರೆ ಕಡಿಮೆ. ಆ ತಂತಿಯನ್ನು ಬಗ್ಗಿಸಿ ಪ್ಯಾಡುಗಳನ್ನು ಹತ್ತಿರ ತರಬಹುದು, ಅಗಲಿಸಬಹುದು, ಫ್ರೇಮನ್ನು ಮೇಲೆತ್ತಬಹುದು, ಇಳಿಸಬಹುದು. ಪ್ಯಾಡ್ ಹಳದಿಯಾದರೆ, ಗಟ್ಟಿಯಾದರೆ ಕೆಲವೇ ರೂಪಾಯಿಗೆ ಹೊಸದು ಸಿಗುತ್ತದೆ. ತಗ್ಗು ಮೂಗಿನವರು ದಪ್ಪ ಫ್ರೇಮೇ ಬೇಕೆಂದರೆ ಮೂಗಿನ ಜಾಗದಲ್ಲಿ ಹೆಚ್ಚು ಉಬ್ಬಿದ ಮಾದರಿಯನ್ನೋ, ಪ್ಯಾಡ್ ಕೂರಿಸಿದ್ದನ್ನೋ ಕೇಳಿ ಪಡೆಯುವುದು ಒಳ್ಳೆಯದು. ಮೊದಲ ಬಾರಿ ಕನ್ನಡಕ ಕೊಳ್ಳುವವರಿಗೆ ನಾನು ಹೇಳುವುದು, ಪ್ಯಾಡ್ ಇರುವ ಫ್ರೇಮಿನಿಂದ ಶುರುಮಾಡಿ. ತಪ್ಪಾದರೂ ತಿದ್ದಲು ಅದರಲ್ಲಿ ದಾರಿ ಇರುತ್ತದೆ.

ಫ್ರೇಮಿನ ಅಳತೆ ಕಡ್ಡಿಯ ಒಳಬದಿಯಲ್ಲೇ ಅಚ್ಚಾಗಿರುತ್ತದೆ, ಆದರೆ ಓದುವವರು ಕಡಿಮೆ. 52, ಪಕ್ಕದಲ್ಲೊಂದು ಪುಟ್ಟ ಚೌಕ, 18, ಆಮೇಲೆ 140 ಎಂದಿದ್ದರೆ ಒಂದು ಲೆನ್ಸಿನ ಅಗಲ 52 ಮಿಲಿಮೀಟರ್, ಮೂಗಿನ ಮೇಲಿನ ಸೇತುವೆ 18, ಕಡ್ಡಿಯ ಉದ್ದ 140. ನಿಮಗೆ ಚೆನ್ನಾಗಿ ಕೂತಿದ್ದ ಹಳೆಯ ಕನ್ನಡಕವೊಂದಿದ್ದರೆ ಅದರ ಈ ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಮುಂದೆ ಯಾವ ಅಂಗಡಿಗೆ ಹೋದರೂ, ಆನ್‌ಲೈನಿನಲ್ಲಿ ಕೊಂಡರೂ ಇದಕ್ಕಿಂತ ನೆಚ್ಚಬಹುದಾದ ಆಧಾರ ಇನ್ನೊಂದಿಲ್ಲ. ಫೋನಿನ ಕ್ಯಾಮೆರಾದಲ್ಲಿ ಮುಖಕ್ಕೆ ಫ್ರೇಮ್ ತೊಡಿಸಿ ತೋರಿಸುವ ಆಪ್‌ಗಳು ಬಣ್ಣ ಆರಿಸಲು ಸಾಕು. ತೂಕ, ಜಾರುವಿಕೆ, ಕಿವಿಯ ಹಿಂದಿನ ಒತ್ತು ಅವುಗಳಲ್ಲಿ ಕಾಣುವುದಿಲ್ಲ.

ಇನ್ನೊಂದು ಅಳತೆ ಕಣ್ಣಿನದು. ಎರಡು ಕಣ್ಣಿನ ಪಾಪೆಗಳ ನಡುವಿನ ದೂರವನ್ನು ಅಂಗಡಿಯವರು ಪಿ.ಡಿ. ಎನ್ನುತ್ತಾರೆ. ನಮ್ಮಲ್ಲಿ ಕಣ್ಣಿನ ಚೀಟಿಯ ಮೇಲೆ ಅದನ್ನು ಬರೆಯದೆ ಬಿಡುವುದೇ ಹೆಚ್ಚು, ಕೇಳಿ ಬರೆಸಿಕೊಳ್ಳಬೇಕು. ಲೆನ್ಸಿನ ಅಗಲ ಮತ್ತು ಸೇತುವೆ ಕೂಡಿಸಿದಾಗ ಬರುವ ಮೊತ್ತ ಪಿ.ಡಿ.ಗೆ ಹತ್ತಿರವಿದ್ದಷ್ಟೂ ಕಣ್ಣು ಲೆನ್ಸಿನ ನಡುಮಧ್ಯಕ್ಕೆ ಹತ್ತಿರ ಬರುತ್ತದೆ. ಇದು ನೋಡಲೂ ಚೆಂದ, ಖರ್ಚಿಗೂ ಹಿತ. ಒಂದು ಲೆಕ್ಕ ನೋಡಿ. ಒಬ್ಬರ ಪವರ್ ಮೈನಸ್ 5, ಪಿ.ಡಿ. 62 ಎಂದುಕೊಳ್ಳೋಣ. ಅವರು 54–18 ಅಳತೆಯ ದೊಡ್ಡ ಫ್ರೇಮ್ ಆರಿಸಿದರೆ ಮೊತ್ತ 72. ಒಂದೊಂದು ಲೆನ್ಸಿನ ಕೇಂದ್ರವನ್ನೂ 5 ಮಿಲಿಮೀಟರ್ ಮೂಗಿನ ಕಡೆಗೆ ಸರಿಸಬೇಕು. ಆಗ ಸಾಮಾನ್ಯ ಪ್ಲಾಸ್ಟಿಕ್ ಲೆನ್ಸಿನ ಹೊರ ಅಂಚು ಹೆಚ್ಚುಕಡಿಮೆ 7 ಮಿಲಿಮೀಟರ್ ದಪ್ಪವಾಗುತ್ತದೆ. ಅದೇ ವ್ಯಕ್ತಿ 46–20 ಅಳತೆಯ ದುಂಡನೆಯ ಫ್ರೇಮ್ ತೆಗೆದುಕೊಂಡರೆ ಅಂಚು ಸುಮಾರು 5 ಮಿಲಿಮೀಟರ್‌ಗೆ ಇಳಿಯುತ್ತದೆ. ದೊಡ್ಡ ಫ್ರೇಮಿನಲ್ಲೇ ಅಷ್ಟು ತೆಳು ಬೇಕೆಂದರೆ 1.67 ಇಂಡೆಕ್ಸ್ ಎಂದು ಮಾರುವ ದುಬಾರಿ ತೆಳು ಲೆನ್ಸ್ ಹಾಕಿಸಬೇಕಾಗುತ್ತದೆ. ಅಂದರೆ ಸರಿಯಾದ ಅಳತೆಯ ಫ್ರೇಮ್ ಆರಿಸಿದವರು ತೆಳು ಲೆನ್ಸಿನ ದುಡ್ಡನ್ನು ಅಲ್ಲಿಯೇ ಉಳಿಸಿಕೊಳ್ಳುತ್ತಾರೆ. ಹೆಚ್ಚು ಮೈನಸ್ ಪವರ್ ಇರುವ ಹುಡುಗ ಹುಡುಗಿಯರಿಗೆ ಮುಖ ತುಂಬುವ ಫ್ರೇಮ್ ಮಾರಿ, ಅದರ ಅಂಚು ಮುಚ್ಚಲು ಇನ್ನೂ ದುಬಾರಿ ಲೆನ್ಸ್ ಮಾರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಈ ಲೆಕ್ಕವನ್ನು ಹೇಳಿಕೊಟ್ಟರೆ ಯಾರಿಗಾದರೂ ಅರ್ಥವಾಗುತ್ತದೆ.

ಅಂದಕ್ಕೂ ಇದೇ ಮಾತು. ಮೈನಸ್ ಲೆನ್ಸಿನ ಹಿಂದೆ ಕಣ್ಣು ಚಿಕ್ಕದಾಗಿ ಕಾಣುತ್ತದೆ, ಕೆನ್ನೆಯ ಅಂಚು ಒಳಕ್ಕೆ ಕತ್ತರಿಸಿದಂತೆ ಕಾಣುತ್ತದೆ. ಫ್ರೇಮ್ ದೊಡ್ಡದಾದಷ್ಟೂ ಇದು ಎದ್ದು ಕಾಣುತ್ತದೆ. ಪ್ಲಸ್ ಪವರಿನವರಿಗೆ ಕಣ್ಣು ದೊಡ್ಡದಾಗಿ ಕಾಣುತ್ತದೆ. ಅವರಿಗೂ ಚಿಕ್ಕ ಫ್ರೇಮಿನಿಂದ ಲೆನ್ಸಿನ ನಡುವಿನ ಉಬ್ಬು ಕಡಿಮೆಯಾಗುತ್ತದೆ. ಚಾಳೀಸು ಬಂದು ಪ್ರೋಗ್ರೆಸಿವ್ ಹಾಕಿಸುವವರು ಮಾತ್ರ ಫ್ರೇಮಿನ ಎತ್ತರದಲ್ಲಿ ಜಿಪುಣತನ ಮಾಡಬಾರದು. ಮೇಲೆ ದೂರದ ನೋಟ, ಕೆಳಗೆ ಓದು, ನಡುವೆ ಕಂಪ್ಯೂಟರ್, ಇವೆಲ್ಲ ಒಂದೇ ಲೆನ್ಸಿನಲ್ಲಿ ಹಿಡಿಯಬೇಕಾದರೆ ಲೆನ್ಸಿನ ಎತ್ತರ 28–30 ಮಿಲಿಮೀಟರ್ ಆದರೂ ಇರಬೇಕು. ಪಟ್ಟಿಯಂಥ ಕಿರಿದಾದ ಫ್ರೇಮಿನಲ್ಲಿ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ.

ಇನ್ನು ಮುಖದ ಆಕಾರದ ಸೂತ್ರ. ದುಂಡು ಮುಖಕ್ಕೆ ಚೌಕ ಫ್ರೇಮ್, ಚೌಕ ಮುಖಕ್ಕೆ ದುಂಡು, ಉದ್ದ ಮುಖಕ್ಕೆ ಅಗಲ, ಹೃದಯದ ಆಕಾರಕ್ಕೆ ಇನ್ನೊಂದು. ಅಂಗಡಿಯ ಗೋಡೆಯಲ್ಲೂ ಪತ್ರಿಕೆಗಳಲ್ಲೂ ಈ ಪಟ್ಟಿ ತಪ್ಪದೆ ಇರುತ್ತದೆ. ಮುಖದಲ್ಲಿ ಇಲ್ಲದ ಗೆರೆಯನ್ನು ಫ್ರೇಮ್ ತಂದುಕೊಡಲಿ ಎಂಬ ಒಂದೇ ಯೋಚನೆ ಇದೆಲ್ಲದರ ಹಿಂದಿದೆ. ಅದು ಸುಳ್ಳಲ್ಲ, ಆದರೆ ಅದಕ್ಕೆ ಕೊಡುವ ಸ್ಥಾನ ಅತಿಯಾಯಿತು. ಹೆಚ್ಚಿನವರ ಮುಖ ಪಟ್ಟಿಯ ಯಾವ ಚಿತ್ರಕ್ಕೂ ನೇರವಾಗಿ ಹೊಂದುವುದಿಲ್ಲ. ಕೈಗೆ ಸಿಗುವ ಗುರುತುಗಳು ಬೇರೆ ಇವೆ. ಫ್ರೇಮಿನ ಅಗಲ ಕಣ್ಣಿನ ಮಟ್ಟದಲ್ಲಿ ಮುಖದ ಅಗಲಕ್ಕೆ ಸರಿಹೊಂದಬೇಕು: ಕಡ್ಡಿ ಕಣತಲೆಯನ್ನು ಒತ್ತಲೂ ಬಾರದು, ಹೊರಕ್ಕೆ ಚಾಚಿಕೊಳ್ಳಲೂ ಬಾರದು. ಮೇಲಂಚು ಹುಬ್ಬಿನ ಗೆರೆಯ ಜೊತೆಗೆ ಹೋಗಬೇಕು. ಹುಬ್ಬಿನ ಮೇಲೂ ಒಂದು, ಕೆಳಗೂ ಒಂದು ಗೆರೆ ಕಂಡರೆ ಮುಖ ಗಲಿಬಿಲಿಯಾಗುತ್ತದೆ. ಸೇತುವೆ ಕಪ್ಪಗಿದ್ದು ಕೆಳಗೆ ಕೂತರೆ ಮೂಗು ಮೊಟಕಾಗಿ ಕಾಣುತ್ತದೆ, ತೆಳ್ಳಗಿದ್ದು ಮೇಲೆ ಕೂತರೆ ಉದ್ದವಾಗಿ ಕಾಣುತ್ತದೆ. ಉದ್ದ ಮೂಗಿನವರೂ ಮೊಂಡು ಮೂಗಿನವರೂ ಈ ಒಂದು ವಿಷಯ ಗಮನಿಸಿದರೆ ಮುಖದ ಪಟ್ಟಿ ಓದುವುದಕ್ಕಿಂತ ಹೆಚ್ಚು ಲಾಭ. ಇನ್ನು ಫ್ರೇಮಿನ ಬಣ್ಣ: ನಮ್ಮ ಮೈಬಣ್ಣಗಳ ಜೊತೆ ಕಂದು, ಜೇನುಬಣ್ಣ, ಗಾಢ ಹಸಿರು, ಮಾಸಲು ಚಿನ್ನ ಸುಲಭವಾಗಿ ಬೆರೆಯುತ್ತವೆ. ದಟ್ಟ ಕಪ್ಪು ಎಲ್ಲರಿಗೂ ಸರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ; ತೆಳು ಹುಬ್ಬಿನವರ ಮುಖದಲ್ಲಿ ಕಪ್ಪು ಫ್ರೇಮ್ ಒಂದೇ ಕಾಣುತ್ತದೆ, ಮುಖ ಹಿಂದೆ ಸರಿಯುತ್ತದೆ.

ಬಾಳಿಕೆಯ ವಿಷಯ ಬಂದಾಗ ಮಾತು ವಸ್ತುವಿನ ಕಡೆಗೆ ತಿರುಗಬೇಕು. ವ್ಯಾಪಾರದಲ್ಲಿ ಶೀಟ್ ಫ್ರೇಮ್ ಎನ್ನುವುದು ಸೆಲ್ಯುಲೋಸ್ ಅಸಿಟೇಟಿನ ಹಲಗೆಯಿಂದ ಕತ್ತರಿಸಿದ್ದು. ಹತ್ತಿ ಮತ್ತು ಮರದ ತಿರುಳಿನಿಂದ ಬರುವ ವಸ್ತು ಅದು. 1849ರಲ್ಲಿ ಶುರುವಾದ ಇಟಲಿಯ ಮಜ್ಜುಕೆಲ್ಲಿ ಕಂಪನಿ ಈ ಹಲಗೆಗಳಿಗೆ ಹೆಸರುವಾಸಿ. ಬಣ್ಣ ಮೇಲೆ ಬಳಿದದ್ದಲ್ಲ, ಒಳಗಿನವರೆಗೂ ಇರುತ್ತದೆ. ಹಾಗಾಗಿ ಗೀರು ಬಿದ್ದರೂ ಪಾಲಿಶ್ ಮಾಡಿದರೆ ಮತ್ತೆ ಹೊಳೆಯುತ್ತದೆ. ಕಡ್ಡಿಯೊಳಗೆ ಲೋಹದ ತಂತಿ ಇರುವುದರಿಂದ ಬಿಸಿ ಮಾಡಿ ಕಿವಿಗೆ ತಕ್ಕಂತೆ ಬಗ್ಗಿಸಿದರೆ ಹಾಗೇ ನಿಲ್ಲುತ್ತದೆ. ಇದರ ದೌರ್ಬಲ್ಯವೂ ಆ ಬಿಸಿಯೇ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಬೇಸಿಗೆಯ ಮಧ್ಯಾಹ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಶೀಟ್ ಫ್ರೇಮ್ ಸಂಜೆಗೆ ಡೊಂಕಾಗಿರುತ್ತದೆ. ಬೆವರು, ಚರ್ಮದ ಎಣ್ಣೆ, ಸ್ಯಾನಿಟೈಸರ್ ತಾಗಿ ತಾಗಿ ಕಡ್ಡಿಯ ತುದಿ ಬೆಳ್ಳಗೆ ಬೂದು ಹಿಡಿದಂತಾಗುತ್ತದೆ. ಉಗುರುಬಣ್ಣ ಅಳಿಸುವ ದ್ರವ ಬಿದ್ದರಂತೂ ಫ್ರೇಮೇ ಕರಗುತ್ತದೆ.

ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಪ್ಲಾಸ್ಟಿಕ್ ಫ್ರೇಮುಗಳು ಹೊರನೋಟಕ್ಕೆ ಶೀಟಿನಂತೆಯೇ ಕಾಣುತ್ತವೆ. ಗುರುತಿಸಲು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಚಿತ್ತಾರ ಒಳಗೆ ಇಳಿದಿದ್ದರೆ ಶೀಟು. ಮೇಲ್ಮೈಯಲ್ಲಿ ಮಾತ್ರ ಇದ್ದರೆ ಬಣ್ಣ ಬಳಿದದ್ದು, ವರ್ಷದೊಳಗೆ ಅಲ್ಲಲ್ಲಿ ಏಳುತ್ತದೆ. ಟಿಆರ್-90 ಎಂದು ಮಾರುವುದು ನೈಲಾನ್ ಜಾತಿಯ ವಸ್ತು. ಹಗುರ, ಬಗ್ಗಿಸಿದರೆ ಬಗ್ಗಿ ವಾಪಸು ಬರುತ್ತದೆ, ಬೆವರಿಗೆ ಜಗ್ಗುವುದಿಲ್ಲ. ಆಟವಾಡುವವರಿಗೆ, ಮಕ್ಕಳಿಗೆ ಒಳ್ಳೆಯದು. ಆದರೆ ವಾಪಸು ಬರುವ ಅದೇ ಗುಣದಿಂದಾಗಿ ಅದನ್ನು ಬಿಸಿ ಮಾಡಿ ನಮ್ಮ ಅಳತೆಗೆ ತಿದ್ದುವುದು ಕಷ್ಟ. ಮುರಿದರೆ ಬೆಸುಗೆಯೂ ಆಗದು. ಅಂಗಡಿಯಲ್ಲಿ ಹಾಕಿದಾಗ ಸರಿ ಕೂತರೆ ಮಾತ್ರ ಟಿಆರ್-90 ಕೊಳ್ಳಿ. ಆಮೇಲೆ ತಿದ್ದಿಸಬಹುದು ಎಂದುಕೊಳ್ಳಬೇಡಿ.

ಲೋಹದಲ್ಲಿ ಅಗ್ಗದ್ದು ಮೊನೆಲ್, ಅಂದರೆ ನಿಕ್ಕಲ್ ಮತ್ತು ತಾಮ್ರದ ಮಿಶ್ರಣ. ಮೇಲಿನ ಲೇಪ ಸವೆದ ಮೇಲೆ ಬೆವರಿಗೆ ಹಸಿರು ಕಿಲುಬು ಹಿಡಿಯುತ್ತದೆ. ಮಂಗಳೂರು, ಕಾರವಾರದಂಥ ಕಡೆ ಇದು ಇನ್ನೂ ಬೇಗ. ನಿಕ್ಕಲ್ ಅಲರ್ಜಿ ಇರುವವರಿಗೆ ಮೂಗಿನ ಬದಿ ಮತ್ತು ಕಿವಿಯ ಹಿಂದೆ ತುರಿಕೆ, ಕೆಂಪು ದದ್ದು ಏಳುತ್ತದೆ. ಯುರೋಪಿನಲ್ಲಿ ಚರ್ಮಕ್ಕೆ ತಾಗುವ ವಸ್ತುಗಳಿಂದ ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕ್ಕಲ್ ಹೊರಬರಬಾರದೆಂದು ಕಾನೂನೇ ಇದೆ. ಚಿನ್ನವಲ್ಲದ ಓಲೆ ಹಾಕಿದರೆ ಕಿವಿ ಕೆರೆಯುವವರು ಫ್ರೇಮಿನ ವಿಷಯದಲ್ಲೂ ಎಚ್ಚರ ವಹಿಸಬೇಕು. ಅವರಿಗೆ ಟೈಟಾನಿಯಂ ಸರಿ. ಉಕ್ಕಿನ ಸಾಂದ್ರತೆ 7.9 ಇದ್ದರೆ ಇದರದು 4.5, ತುಕ್ಕಿಲ್ಲ, ಕಿಲುಬಿಲ್ಲ. ಜಪಾನಿನ ಸಬಾಯೆ ಊರಿನವರು 1980ರ ದಶಕದ ಆರಂಭದಲ್ಲಿ ಇದರ ಫ್ರೇಮುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದನ್ನು ಸಾಧಿಸಿದರು. ಅಲ್ಲಿ ಕನ್ನಡಕದ ಕಸುಬು ಶುರುವಾದದ್ದು 1905ರಲ್ಲಿ, ಹಿಮ ಬೀಳುವ ಚಳಿಗಾಲದಲ್ಲಿ ರೈತರಿಗೆ ಕೆಲಸ ಕೊಡಲೆಂದು. ಟೈಟಾನಿಯಮ್ಮಿಗೆ ಇರುವ ಒಂದೇ ಕೊರತೆ, ಮುರಿದರೆ ನಮ್ಮ ಬೀದಿಯ ಅಂಗಡಿಯಲ್ಲಿ ಬೆಸುಗೆ ಹಾಕಲಾಗದು. ಲೇಸರ್ ಬೆಸುಗೆ ಇರುವ ಕಡೆ ಕಳಿಸಬೇಕು. ಇನ್ನೊಂದು ಎಚ್ಚರಿಕೆ: ತಿರುಚಿದರೂ ಮೊದಲಿನ ಆಕಾರಕ್ಕೆ ಬರುವ 'ಮೆಮೊರಿ' ಲೋಹ ಟೈಟಾನಿಯಂ ಹೆಸರಿನಲ್ಲೇ ಮಾರಾಟವಾಗುತ್ತದೆ, ಆದರೆ ಅದರಲ್ಲಿ ಅರ್ಧದಷ್ಟು ನಿಕ್ಕಲ್ ಇರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಇವೆಲ್ಲದರ ನಡುವಿನದು; ಬೆಲೆ ಮತ್ತು ಬಾಳಿಕೆ ಎರಡನ್ನೂ ತೂಗಿದರೆ ಹೆಚ್ಚಿನವರಿಗೆ ಅದು ಸಾಕು.

ರಿಮ್‌ಲೆಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮುಖ ಹಗುರವಾಗಿ ಕಾಣುತ್ತದೆ, ಆದರೆ ಲೆನ್ಸಿಗೇ ತೂತು ಕೊರೆದು ಸ್ಕ್ರೂ ಹಾಕಿರುವುದರಿಂದ ಪೆಟ್ಟೆಲ್ಲ ಲೆನ್ಸಿಗೆ. ಸಾಮಾನ್ಯ ಪ್ಲಾಸ್ಟಿಕ್ ಲೆನ್ಸ್ ತೂತಿನ ಬಳಿ ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್ ಲೆನ್ಸೇ ಬೇಕು. ಒರಟಾಗಿ ಬಳಸುವವರಿಗೆ ರಿಮ್‌ಲೆಸ್ ಹೇಳಿದ್ದಲ್ಲ.

ಯಾವ ವಸ್ತುವಾದರೂ ಫ್ರೇಮ್ ಸಾಯುವುದು ಸಾಮಾನ್ಯವಾಗಿ ಕೀಲಿನಲ್ಲಿ. ಐಎಸ್‌ಒ 12870 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಕಡ್ಡಿಯನ್ನು 500 ಸಲ ಎಳೆದಾಡಿ ನೋಡುವ ಪರೀಕ್ಷೆ ಇದೆ. ದಿನಕ್ಕೆ ನಾಲ್ಕು ಸಲ ಕನ್ನಡಕ ತೆಗೆದು ಹಾಕುವವರಿಗೆ 500 ಎನ್ನುವುದು ನಾಲ್ಕು ತಿಂಗಳ ಲೆಕ್ಕ. ಅಂದರೆ ಪರೀಕ್ಷೆ ಪಾಸಾದದ್ದು ಕನಿಷ್ಠ ಅರ್ಹತೆ ಅಷ್ಟೆ. ಅಂಗಡಿಯಲ್ಲಿ ಕೀಲನ್ನು ನೀವೇ ನೋಡಬಹುದು. ಕಡ್ಡಿಯನ್ನು ಅರ್ಧ ತೆರೆದು ಬಿಡಿ, ತನ್ನಷ್ಟಕ್ಕೆ ಬೀಳಬಾರದು. ಕೀಲಿನ ಹಲ್ಲುಗಳನ್ನು ಎಣಿಸಿ. ಮೂರಕ್ಕಿಂತ ಐದು ಹಲ್ಲಿನದು ಗಟ್ಟಿ. ದಪ್ಪ ಫ್ರೇಮಿನಲ್ಲಿ ಕೀಲಿನ ತಗಡನ್ನು ಹೊರಗಿನಿಂದ ರಿವೆಟ್ ಹೊಡೆದು ಕೂರಿಸಿದ್ದರೆ, ಕಿತ್ತು ಬಂದಾಗ ಮತ್ತೆ ಕೂರಿಸಬಹುದು. ಸ್ಪ್ರಿಂಗ್ ಕೀಲು ತಲೆಗೆ ಹಿತ, ಆದರೆ ಸ್ಪ್ರಿಂಗ್ ಹೋದರೆ ಸಣ್ಣ ಅಂಗಡಿಗಳಲ್ಲಿ ಸರಿಮಾಡುವುದು ಅಪರೂಪ. ಕೊನೆಗೆ ಎರಡೂ ಕಡ್ಡಿ ತೆರೆದು ಗಾಜಿನ ಕೌಂಟರಿನ ಮೇಲೆ ತಲೆಕೆಳಗಾಗಿ ಇಡಿ. ಫ್ರೇಮಿನ ಮೇಲಂಚೂ ಎರಡು ಕಡ್ಡಿಗಳೂ ಒಟ್ಟಿಗೆ ಗಾಜಿಗೆ ತಾಗಿ ಅಲುಗಾಡದೆ ನಿಲ್ಲಬೇಕು. ಒಂದು ಕಡ್ಡಿ ಎದ್ದಿದ್ದರೆ ಕುಂಟುವ ಮಣೆಯಂತೆ ಆಡುತ್ತದೆ. ಅದನ್ನು ಅಲ್ಲೇ ಸರಿಮಾಡಿಸಬೇಕು.

ನಮ್ಮ ದಿನಚರಿಗೆ ಸೇರಿದ ಕೆಲವು ವಿಷಯಗಳನ್ನು ಹೊರದೇಶದ ಕೈಪಿಡಿಗಳು ಬರೆಯುವುದಿಲ್ಲ. ದಿನಾ ಹೆಲ್ಮೆಟ್ ಹಾಕುವವರಿಗೆ ಅಗಲ ಕಡ್ಡಿಯ, ತುದಿ ಹೆಚ್ಚು ಬಾಗಿದ ಫ್ರೇಮ್ ದೊಡ್ಡ ಕಿರಿಕಿರಿ. ತೆಳು, ನೇರ ಕಡ್ಡಿ ಹೆಲ್ಮೆಟ್ಟಿನ ಪಕ್ಕದಿಂದ ಸಲೀಸಾಗಿ ಒಳಹೋಗುತ್ತದೆ. ಫ್ರೇಮ್ ಕೊಳ್ಳಲು ಹೋಗುವಾಗ ಹೆಲ್ಮೆಟ್ ಜೊತೆಗೆ ಒಯ್ಯಿರಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರು ಕಡ್ಡಿಯ ತುದಿಯನ್ನು ಆಗಾಗ ಸೋಪು ನೀರಿನಲ್ಲಿ ತೊಳೆಯಬೇಕು. ಮಕ್ಕಳಿಗೆ ಕೊಳ್ಳುವಾಗ 'ಬೆಳೆಯುತ್ತಾನೆ, ಇನ್ನೂ ಎರಡು ವರ್ಷ ಬರಲಿ' ಎಂದು ದೊಡ್ಡದು ಕೊಳ್ಳಬಾರದು. ಅಂಗಿಗೆ ಆ ಮಾತು ಸರಿ, ಕನ್ನಡಕಕ್ಕೆ ಅಲ್ಲ. ಜಾರಿದ ಕನ್ನಡಕದ ಮೇಲಿನಿಂದ ಮಗು ಬರಿಗಣ್ಣಲ್ಲೇ ಬೋರ್ಡ್ ನೋಡುತ್ತದೆ, ಹಾಕಿಸಿದ ಲೆನ್ಸ್ ಉಪಯೋಗಕ್ಕೇ ಬರುವುದಿಲ್ಲ.

ಬೆಲೆಯ ಬಗ್ಗೆ. ಫ್ರೇಮಿನ ಮೇಲಿನ ಹೆಸರಿಗೂ ತಯಾರಿಸಿದವರಿಗೂ ಎಷ್ಟೋ ಸಲ ಸಂಬಂಧ ಇರುವುದಿಲ್ಲ. 2018ರಲ್ಲಿ ಎಸಿಲೋರ್ ಮತ್ತು ಲುಕ್ಸೋಟಿಕಾ ಒಂದಾಗಿ ಆದ ಸಂಸ್ಥೆಯ ಕೈಯಲ್ಲಿ ರೇಬ್ಯಾನ್, ಓಕ್ಲೆ ಇವೆ. ಪ್ರಾಡಾ, ಶನೆಲ್‌ನಂಥ ಫ್ಯಾಷನ್ ಮನೆಗಳ ಫ್ರೇಮುಗಳನ್ನೂ ಪರವಾನಗಿ ಪಡೆದು ಅದೇ ತಯಾರಿಸುತ್ತದೆ. ಒಂದು ಮಿತಿಯ ಆಚೆಗೆ ಕೊಡುವ ದುಡ್ಡು ಹೆಸರಿಗೆ ಹೋಗುತ್ತದೆ, ಕೀಲಿಗಲ್ಲ. 2025ರ ಸೆಪ್ಟೆಂಬರ್ 22ರಿಂದ ಫ್ರೇಮು ಮತ್ತು ಪವರ್ ಕನ್ನಡಕಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಉಳಿದ ದುಡ್ಡನ್ನು ಒಳ್ಳೆಯ ಲೆನ್ಸಿಗೂ ಒಂದು ಹೆಚ್ಚುವರಿ ಕನ್ನಡಕಕ್ಕೂ ಬಳಸುವುದು ನನ್ನ ದೃಷ್ಟಿಯಲ್ಲಿ ಜಾಣತನ. ಎರಡನ್ನು ಸರದಿಯಲ್ಲಿ ಹಾಕಿದರೆ ಎರಡೂ ಹೆಚ್ಚು ದಿನ ಬರುತ್ತವೆ. ಕೊಳ್ಳುವ ಮೊದಲು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ಈ ಫ್ರೇಮಿಗೆ ಕಡ್ಡಿ, ಪ್ಯಾಡ್, ಸ್ಕ್ರೂ ಬಿಡಿಯಾಗಿ ಸಿಗುತ್ತವೆಯೇ, ಸಿಕ್ಕಿದರೆ ನೀವೇ ಹಾಕಿಕೊಡುತ್ತೀರಾ? ಉತ್ತರ ತಡವರಿಸಿದರೆ ಇನ್ನೊಂದು ಫ್ರೇಮ್ ನೋಡಿ.

ಇಟ್ಟುಕೊಳ್ಳುವ ರೀತಿ ಎಲ್ಲರಿಗೂ ಗೊತ್ತಿದೆ, ಪಾಲಿಸುವವರು ಕಡಿಮೆ. ಎರಡೂ ಕೈಯಿಂದ ತೆಗೆಯಬೇಕು; ಒಂದೇ ಕೈಯಿಂದ ಎಳೆದರೆ ದಿನದಿನಕ್ಕೆ ಒಂದು ಕಡೆಯ ಕೀಲು ಅಗಲವಾಗುತ್ತದೆ. ತಲೆಯ ಮೇಲೆ ಏರಿಸಿಡಬಾರದು. ಸೆರಗಿನಿಂದಲೋ ಅಂಗಿಯ ಅಂಚಿನಿಂದಲೋ ಒಣಗಿದ ಲೆನ್ಸ್ ಉಜ್ಜುವ ಬದಲು ಮೊದಲು ನೀರಿನಲ್ಲಿ ಧೂಳು ತೊಳೆಯಬೇಕು. ಸ್ಕ್ರೂ ಆಗಾಗ ಸಡಿಲವಾಗುತ್ತಿದ್ದರೆ ಬಿಗಿ ಮಾಡಿಸಿ ಮೇಲೊಂದು ಹನಿ ಬಣ್ಣವಿಲ್ಲದ ಉಗುರುಬಣ್ಣ ಹಾಕಿದರೆ ನಿಲ್ಲುತ್ತದೆ. ಫ್ರೇಮಿಗೆ ತಾಗದಂತೆ ಹಾಕಬೇಕು.

ಲೆನ್ಸ್ ಕೂರಿಸಿ ಕನ್ನಡಕ ಕೈಗೆ ಕೊಡುವ ದಿನ ಅವಸರ ಮಾಡಬೇಡಿ. ಆರಿಸಿದ ದಿನ ಫ್ರೇಮಿನಲ್ಲಿದ್ದದ್ದು ತೆಳು ಪ್ಲಾಸ್ಟಿಕ್ ಹಾಳೆ. ಈಗ ನಿಜವಾದ ಭಾರ ಬಂದಿದೆ, ಹಾಗಾಗಿ ಮತ್ತೆ ಕೂರಿಸಿ ನೋಡಬೇಕು. ಕತ್ತು ಬಗ್ಗಿಸಿ ನೆಲ ನೋಡಿ, ತಲೆ ಅಲ್ಲಾಡಿಸಿ, ಜೋರಾಗಿ ನಕ್ಕು ನೋಡಿ. ಕಡ್ಡಿಯ ಬಾಗು ಕಿವಿಯ ಮೇಲ್ತುದಿ ದಾಟಿದ ಕೂಡಲೇ ಶುರುವಾಗಬೇಕು. ಅದಕ್ಕಿಂತ ಮುಂದೆ ಬಾಗಿದರೆ ಕಿವಿ ನೋಯುತ್ತದೆ, ಹಿಂದಾದರೆ ಕನ್ನಡಕ ಜಾರುತ್ತದೆ. ಬಿಸಿಗಾಳಿಯ ಪುಟ್ಟ ಯಂತ್ರದ ಮುಂದೆ ಕಡ್ಡಿ ಹಿಡಿದು, ಹೆಬ್ಬೆರಳಿನಿಂದ ಒಂದಿಷ್ಟೇ ಒತ್ತಿ, ನಿಮ್ಮ ಕಿವಿಯ ಹಿಂದೆ ಬೆರಳಾಡಿಸಿ, ಮತ್ತೆ ಬಿಸಿ ಮಾಡಿ ಒತ್ತುವ ಅಂಗಡಿಯವರು ಸಿಕ್ಕರೆ ಅವರನ್ನು ಬಿಡಬೇಡಿ. ಹೊಸ ಪವರಿಗೆ ನೆಲ ತುಸು ವಾಲಿದಂತೆ ಕಾಣುವುದು, ತಲೆ ಭಾರವೆನಿಸುವುದು ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ಆಮೇಲೂ ಉಳಿದರೆ ಪವರ್, ಪಿ.ಡಿ. ಎರಡನ್ನೂ ಮತ್ತೆ ಪರೀಕ್ಷಿಸಬೇಕು. ಮೂಗಿನ ಮೇಲಿನ ಕೆಂಪು ಗುರುತು, ಕಿವಿಯ ಹಿಂದಿನ ನೋವು ಮಾತ್ರ ಅಭ್ಯಾಸದಿಂದ ಹೋಗುವಂಥದ್ದಲ್ಲ. ಅದಕ್ಕೆ ವಾರ ಕಾಯದೆ ಮರುದಿನವೇ ಅಂಗಡಿಗೆ ಹೋಗಿ.